ಹೊಗೆ ಬಿಡದ ಲಾರಿ

ದಿಬ್ಬೂರಹಳ್ಳಿ
೨೨-೧೧-೧೯೯೬

ತಮ್ಮ ರಾಮಾಂಜಿನಪ್ಪನಿಗೆ ಅಕ್ಕನ ಆಶೀರ್ವಾದ.

ನೀನು, ಹೆಂಡತಿ, ಮಕ್ಕಳು ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೀನಿ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬರೆಯೋಕೆ ಕೂತು ಎರಡು ಸಲ ಹರಿದು ಹಾಕಿದೆ, ಕೋಪಕ್ಕೋ ಭಯಕ್ಕೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ತಪ್ಪಿದ್ದರೆ ಸರಿಮಾಡಿಕೊಂಡು ಓದು. ಇನ್ಯಾರ ಕೈಗೂ ಕೊಡಬೇಡ.

ನನ್ನ ಸೊಸೆ ಶ್ಯಾಮಲನ್ನ ಕಳವಾರಕ್ಕೆ, ತವರಿಗೆ ಕಳಿಸಿಬಿಟ್ಟರು ಕಣೋ. ಮುಟ್ಟಾಗಿದ್ದನ್ನೂ ಹೇಳದೆ ಹುಳುಮನೆಯೊಳಗೆ ಹೋದಳಂತೆ, ಅದಕ್ಕೇ ರೇಷ್ಮೆಹುಳು ಅಷ್ಟೂ ಸತ್ತವಂತೆ. ನಿಮ್ಮ ಭಾವನ ತೀರ್ಮಾನ. ಅವಳಿಗೆ ಆಗ ಅಂಥದ್ದೇನೂ ಇರಲಿಲ್ಲ, ಅತ್ತೆಯಾದ ನನಗೆ ಗೊತ್ತಿಲ್ಲವಾ? ಇದ್ದಿದ್ದರೂ ಹುಳು ಸಾಯುತ್ತಾ? ಮದುವೆಯಾಗಿ ವರ್ಷ ತುಂಬಿಲ್ಲ. ನನ್ನ ಮಗ ಚನ್ನಕೇಶವ ಅಪ್ಪ ಹೇಳಿದ್ದಕ್ಕೆ ತಲೆ ಆಡಿಸಿದ. ಅವಳು ಚೀಲ ಹಿಡಿದು ಬಸ್ಸು ಹತ್ತುವಾಗ ಊರೆಲ್ಲ ನೋಡುತ್ತಿತ್ತು.

ನೀನು ಬಂದು "ಇದು ಲಾರಿಯಿಂದ ಆದದ್ದು" ಅಂತ ಹೇಳಬೇಕು. ಆ ಗಾಡಿ ತಂದವನು ನೀನು. ನೀನು ಹೇಳಿದರೆ ಮಾತ್ರ ಅವರು ಕೇಳೋದು.

ಕಂಪನಿಯವರು ಪರೀಕ್ಷೆಗೆ ಕೊಟ್ಟಿದ್ದಾರೆ ಅಂತ ಆ ಬ್ಯಾಟರಿ ಲಾರಿ ತಂದು ನಿಲ್ಲಿಸಿದಾಗ ನಿಮ್ಮ ಭಾವ ಏನಂದರು? "ಏನಯ್ಯಾ, ಇದು ಲಾರೀನೋ ತೊಟ್ಟಿಲೋ? ಸದ್ದೇ ಇಲ್ವಲ್ಲ!" ನೀನು ಎದೆ ಉಬ್ಬಿಸಿದೆ. "ಹೊಗೆ ಇಲ್ಲ, ವಾಸನೆ ಇಲ್ಲ ಭಾವ. ಹುಳುಮನೆ ಪಕ್ಕದಲ್ಲೇ ಮಲಗಿಸಿಕೊಳ್ಳಿ." ಆ ಒಂದು ಮಾತಿಗೇ ನಾವು ಕೆಟ್ಟಿದ್ದು. ಹುಳು ಹಣ್ಣಾಗಿ ಗೂಡು ಕಟ್ಟೋ ದಿನಗಳಲ್ಲಿ ಮನೇಲಿ ಒಗ್ಗರಣೆ ಕೂಡ ಹಾಕದವರು ನಾವು. ಬೀಡಿ ಸೇದಿ ಬಂದವರನ್ನ ಬಾಗಿಲಲ್ಲೇ ತಡೆಯೋರು. ಡೀಸೆಲ್ ಗಾಡಿ ಆಗಿದ್ದರೆ ರಸ್ತೆಯಲ್ಲೇ ನಿಲ್ಲಿಸಿರುತ್ತಿದ್ದೆವು.

ಲಾರಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮರಿಹುಳು ತಂದಾಗ ಒಂದೂ ಅಲುಗಲಿಲ್ಲ, ನಿಜ. ಆದರೆ ಹಿಪ್ಪುನೇರಳೆ ಸೊಪ್ಪು ಹೇರಿದ ದಿನ ಏರು ಹತ್ತದೆ ನಿಂತುಬಿಡ್ತಲ್ಲ, ಅರ್ಧ ಭಾರ ಅದರ ಬ್ಯಾಟರಿದೇ ಅಂತೆ. ಪಕ್ಕದ ಹೊಲದ ಬಯ್ಯಪ್ಪ ಎತ್ತು ಕಟ್ಟಿ ಎಳೆಸುತ್ತಾ, "ಕರೆಂಟ್ ಲಾರಿಗೆ ಎತ್ತಿನ ಇಂಜಿನ್ನು ರಾ ಅಬ್ಬಾಯಿ!" ಅಂತ ತನ್ನ ತೆಲುಗು ಬೆರೆಸಿ ನಕ್ಕ. ಸಾಲದು ಅಂತ, "ಹೊಗೆ ಎಲ್ಲೂ ಹೋಗಿಲ್ಲ. ಈ ಕರೆಂಟಿಗೆ ಅಂತ ರಾಯಚೂರಲ್ಲಿ ಕಲ್ಲಿದ್ದಲು ಸುಡ್ತಾರೆ, ನಿನ್ನ ಪಾಲಿನ ಹೊಗೆ ಅಲ್ಲಿಯವರು ಕುಡೀತಾರೆ" ಅಂದ. ನೀನು ಬಿಡಲಿಲ್ಲ. "ಒಂದು ಚಿಮಣಿ ಹೊಗೆ ಹಿಡೀಬಹುದು ಬಯ್ಯಪ್ಪಣ್ಣ, ಸಾವಿರ ಲಾರಿ ಹಿಂದೆ ಓಡೋಕಾಗುತ್ತಾ?" ನನ್ನ ತಮ್ಮ ಎಷ್ಟು ತಿಳಿದವನು ಅಂತ ಆವತ್ತು ಹಿಗ್ಗಿದ್ದೆ.

ನಮ್ಮೂರ ಕರೆಂಟು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಬಂದಾಗ ತುಂಬಿಕೊಳ್ಳಲಿ ಅಂತ ನೀನು ಹುಳುಮನೆ ಕಿಟಕಿಗೇ ಒತ್ತರಿಸಿ ಲಾರಿ ನಿಲ್ಲಿಸಿ, ವೈರು ಸಿಗಿಸಿ, ಬ್ಯಾಟರಿ ಮುಚ್ಚಳ ತೆಗೆದಿಟ್ಟೆ. ಒಳಗೆ ಆಸಿಡ್ ನೀರು ಕೊತಕೊತ ಅಂತಿತ್ತು. ಹುಳಿ ವಾಸನೆ, ಗಂಟಲು ಕೆರೆತ. ನಾನು ಕೇಳಿದ್ದಕ್ಕೆ ನೀನು "ಏನೂ ಆಗಲ್ಲ, ಸುಮ್ನಿರಕ್ಕ, ಎಲ್ಲಕ್ಕೂ ಹೆದರ್ತೀಯ" ಅಂದೆ. ಹೆದರುಪುಕ್ಕಲಿ ನಾನು, ಒಪ್ಕೋತೀನಿ. ಹೆದರುಪುಕ್ಕಲಿ ಹೇಳಿದ್ದೆಲ್ಲ ಸುಳ್ಳಾ? ಮಾರನೆಯ ದಿನ ಹುಳು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ, ಹಸಿರು ಕಕ್ಕಿ, ತಟ್ಟೆ ತಟ್ಟೆಯಲ್ಲೇ ಸತ್ತವು.

ಆ ಕಿಟಕಿಗೆ ಒಣಹಾಕಿದ್ದ ನನ್ನ ನೂಲಿನ ಸೀರೆ ಒಗೆದರೆ ಜರಡಿಯಾಯಿತು. ನಿಮ್ಮ ಭಾವನಿಗೆ ತೋರಿಸಿದೆ. "ಇಲಿ ಕಡಿದಿರುತ್ತೆ" ಅಂದರು. ಹುಡುಗಿ ಒಳಗೆ ಹೋದರೆ ಸೀರೆಗೆ ತೂತು ಬೀಳುತ್ತೇನೋ? ನೀನೇ ಹೇಳು! ಯಾರೋ ಕಿವಿಗೆ ಹಾಕಿದ ಮಾತನ್ನ ಹಿಡಿದು ಕೂತಿದ್ದಾರೆ.

ಭಾನುವಾರ ಬಾ. ಆ ಗಾಡಿ ತರಬೇಡ, ಬಸ್ಸಿಗೆ ಬಾ. ನಿನ್ನ ಕಂಪನಿಯವರು ಏನಂತಾರೋ, ಕೆಲಸ ಹೋಗುತ್ತೇನೋ ಅಂತ ನನಗೂ ಜೀವ ಹೊಡಕೊಳ್ಳುತ್ತೆ. ಆದರೂ ಬಾ. ದೇವರು ನಿನ್ನ ಮಕ್ಕಳನ್ನ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಲಕ್ಷ್ಮಿದೇವಮ್ಮ

ಇನ್ನೊಂದು ಮಾತು: ಹುಳು ಸತ್ತ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿದ್ದೆ. ನೀನು ಆ ಕಿಟಕಿ ಹತ್ರ ಕೆಮ್ಮಿದ್ದು, ತಟ್ಟೆ ನೋಡಿದ್ದು, ಭಾವ ಹೊಲದಿಂದ ಬರೋಕೆ ಮುಂಚೆ ವೈರು ಕಿತ್ತು ಲಾರಿನ ದೂರ ಬೇವಿನ ಮರದ ಕೆಳಗೆ ಬಿಟ್ಟಿದ್ದು, ಎಲ್ಲಾ ನಾನು ನೋಡಿದೆ. ನೀನಾಗೇ ಹೇಳ್ತೀಯ ಅಂತ ಕಾದೆ. ಅವರು ಬಂದು ತಲೆ ಮೇಲೆ ಕೈ ಹೊತ್ತು ಕೂತರು. "ಭಾವ, ಮನೇಲಿ ಹೆಂಗಸರು ಯಾರಾದ್ರೂ ಹೊರಗಾಗಿ ಹುಳುಮನೆಗೆ ಹೋಗಿದ್ದಾರಾ, ಕೇಳಿ ನೋಡಿ" ಅಂದವನು ನೀನು. ಶ್ಯಾಮಲ ಆಗ ನಿನಗೇ ಅಂತ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.