ಮೆಷಿನ್ ನಿಂತ ಸುದ್ದಿ

ಹಿರೇನಲ್ಲೂರು
೯-೩-೧೯೬೧

ಸೌಭಾಗ್ಯವತಿ ಲಿಂಗಮ್ಮನಿಗೆ ಗಂಡ ಚಿಕ್ಕಬೀರಪ್ಪನ ಆಶೀರ್ವಾದ. ಬೇಡವಾದರೆ ಅದನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಓದು.

"ಉಣ್ಣೆ ಹಿಂಜುವ ಮೆಷಿನ್ ಬಂದರೆ, ಇಪ್ಪತ್ತು ವರ್ಷ ಹಿಂಜುವ ಬಿಲ್ಲು ಹಿಡಿದ ನನ್ನ ಕೈಗೇನು ಕೆಲಸ?" ಎಂದು ನೀನು ಕೇಳಿದೆ. ನಾನು "ಸುಮ್ಕಿರೇ, ನಿಂಗೇನ್ ಗೊತ್ತು" ಅಂದೆ. ಅಷ್ಟಕ್ಕೇ ನೀನು ಅಮೃತಾಪುರದ ತವರಿಗೆ ಹೋಗಿ ಕೂತೆ. ಇಪ್ಪತ್ತು ದಿನವಾಯಿತು.

ನಮ್ಮ ಕಂಬಳಿ ನೇಕಾರರ ಸಂಘಕ್ಕೆ ಮೆಷಿನ್ ಬಂದೇಬಿಟ್ಟಿತು. ಎರಡು ವರ್ಷ ಹೆದರಿ ಕೂತಿದ್ದ ಹದಿನೆಂಟು ಮನೆಯವರೂ ಮನೆಗೆರಡು ಕಂಬಳಿ ಮಾರಿದ ದುಡ್ಡು ಹಾಕಿ ತರಿಸಿದರು. "ಕೆಟ್ರೆ ಯಾರಪ್ಪಾ ನೋಡೋರು?" ಎಂದು ಕರಿಸಿದ್ದಪ್ಪ ಮಾತ್ರ ಕೊನೆಯವರೆಗೂ ಗೊಣಗಿದ.

ಅವನ ಬಾಯಿ ಫಲಿಸಿತು. ಪೂಜೆ ಮಾಡಿ ಉಣ್ಣೆ ಹಾಕಿದೆವು, ಅರ್ಧ ಗಂಟೆಯಲ್ಲಿ ಕಿರ್ರೆಂದು ನಿಂತಿತು. ಬಿಚ್ಚಿದರೆ ಒಳಗೆಲ್ಲ ನೆಗ್ಗಿಲು ಮುಳ್ಳು. ಕುರಿಯ ಮೈಗೆ ಹತ್ತಿದ ಮುಳ್ಳು ಉಣ್ಣೆಯಲ್ಲೂ ಇರುತ್ತದೆ ಎಂದು ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನೀವು ಹೆಂಗಸರು ಬಿಲ್ಲಿನಿಂದ ಬಡಿದು, ಆರಿಸಿ, ನೂತು ಕೊಟ್ಟ ಮೇಲೆ ತಾನೇ ನಾವು ಮುಟ್ಟುವುದು. ಅಜ್ಜನ ಕಾಲದಿಂದ ನೇಯುತ್ತಿದ್ದೇವೆಂದು ಮೀಸೆ ತಿರುವುತ್ತೇವೆ, ಉಣ್ಣೆಯೇ ಗೊತ್ತಿಲ್ಲ. ಕೇಳಬೇಕಾದವಳನ್ನು ಬಿಟ್ಟು ಸಭೆ ಮಾಡಿದ್ದು ನನ್ನ ತಪ್ಪು.

ಸಂಘದವರು ಸೋಮವಾರ ಗಾಡಿ ಕಟ್ಟಿ ಮೆಷಿನನ್ನು ಕಡೂರಿಗೆ ವಾಪಸ್ ಕಳಿಸುತ್ತಾರಂತೆ. ಕಾರ್ಯದರ್ಶಿ ಅಂತ ಎಲ್ಲರೂ ನನಗೇ ಉಗಿಯುತ್ತಿದ್ದಾರೆ. ನೀನು ಬಂದು ಉಣ್ಣೆ ಹದ ಮಾಡಿ ತೋರಿಸಿದರೆ ಮೆಷಿನ್ ಉಳಿಯುತ್ತದೆ. ಅದನ್ನು ನಡೆಸುವ ಕೆಲಸ, ಕೂಲಿ ಎರಡೂ ಹೆಂಗಸರಿಗೇ ಎಂದು ಸಂಘದ ಪುಸ್ತಕದಲ್ಲಿ ಬರೆಸಿದ್ದೇನೆ.

ಭಾನುವಾರ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ಅತ್ತೆಯವರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಬೈಗುಳವಿಲ್ಲದೆ ಊಟ ಸೇರದವನು,
ಚಿಕ್ಕಬೀರಪ್ಪ

ವಿ.ಸೂ.: ಸುಳ್ಳು ಬರೆದು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಕರಿಸಿದ್ದಪ್ಪನ ಹೆಂಡತಿ ಕೆಂಚಮ್ಮ ಮೊನ್ನೆಯೇ ಮುಳ್ಳೆಲ್ಲ ಕಿತ್ತು, ಉಣ್ಣೆ ಬಡಿದು ಹಾಕಿದಳು. ಮೆಷಿನ್ ಚೆನ್ನಾಗಿ ಓಡುತ್ತಿದೆ. ವಾಪಸ್ ಕಳಿಸುವ ಮಾತು ಈಗ ಯಾರೂ ಆಡುತ್ತಿಲ್ಲ. ಹೆಂಗಸರಿಗೇ ಕೆಲಸ ಎಂದು ಬರೆಸಿದ್ದು ಮಾತ್ರ ನಿಜ. ನೀನು ಬಾರದಿದ್ದರೂ ಸಂಘ ನಡೆಯುತ್ತದೆ ಕಣೇ. ನನಗೇ ಆಗುತ್ತಿಲ್ಲ, ಬಾ.