ಅಕ್ಕ ರೆಕ್ಕೆ ಮುಟ್ಟಿದ ಅಪರಾಧ

ಮಾನ್ಯ ಹಾರಾಟ ಸುರಕ್ಷತಾ ಅಧಿಕಾರಿಗಳೇ,

ಗ್ಲೈಡರಿನ ರೆಕ್ಕೆ ಮುಟ್ಟಿದಳೆಂದು ನನ್ನ ಅಕ್ಕನಿಗೆ ನೋಟಿಸ್ ಕಳುಹಿಸಿದ್ದೀರಿ. ಮುಟ್ಟಿದ್ದು ನಿಜ. ಮುಟ್ಟದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ, ನಿಮಗೂ ಓದುವ ಕಷ್ಟ ತಪ್ಪುತ್ತಿತ್ತು.

ಎಂಜಿನ್ ಇಲ್ಲದ ನಮ್ಮ ಗ್ಲೈಡರಿಗೆ ಹಾರುವ ಮುನ್ನ ರೆಕ್ಕೆ ಜೋಡಿಸುತ್ತೇವೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯೊಂದಿದೆ. ಸೀಟಿನಲ್ಲಿ ಕುಳಿತು ಕಾಲುಗಳ ನಡುವಿನ ಸ್ಟಿಕ್ ವಾಲಿಸಿದರೆ ಅದು ಆಡಬೇಕು. ಗ್ಲೈಡರ್ ತಿರುಗುವುದೇ ಅದರಿಂದ. ರೆಕ್ಕೆ ಗ್ಲೈಡರಿನ ಒಡಲೊಳಗೆ ಕೂರುತ್ತಿದ್ದಂತೆ ಸ್ಟಿಕ್ಕಿಗೂ ಪಟ್ಟಿಗೂ ಸಂಪರ್ಕ ತಾನಾಗಿಯೇ ಆಗುತ್ತದೆಂದು ತಯಾರಿಸಿದವರು ಹೇಳುತ್ತಾರೆ. ಆಗಿದೆಯೋ ಇಲ್ಲವೋ ಎಂದು ಹೇಳುವವಳು ಮಾತ್ರ ನನ್ನ ಅಕ್ಕ. ಅವಳು ದರ್ಜಿ. ಒಂಬತ್ತು ವರ್ಷಗಳಿಂದ ಅವಳು ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತಾಳೆ, ನಾನು ಸ್ಟಿಕ್ ಒತ್ತುತ್ತೇನೆ. ಆ ಒತ್ತಡ ಅವಳ ಕೈಗೆ ತಾಗಿದರಷ್ಟೇ ನನಗೆ ಹಾರಾಟ.

ಸ್ವಯಂಚಾಲಿತ ಸಂಪರ್ಕವನ್ನು ಕಣ್ಣಿನಿಂದ ನೋಡಿದರೆ ಸಾಕು, ಪರವಾನಗಿ ಇಲ್ಲದವರು ರೆಕ್ಕೆ ಮುಟ್ಟತಕ್ಕದ್ದಲ್ಲ ಎಂಬ ನಿಮ್ಮ ಸುತ್ತೋಲೆ ಹೊತ್ತು ನಿಮ್ಮ ತಪಾಸಕರು ಬಂದರು. ನಾನು ಸ್ಟಿಕ್ ವಾಲಿಸಿದೆ, ಪಟ್ಟಿ ಆಡಿತು, ಅವರು ಸಹಿ ಹಾಕಿದರು.

"ಸರ್, ಒಂದ್ಸಲ ಹಿಡ್ಕೊಂಡು ನೋಡಿ," ಎಂದೆ.

"ಕೈಯಲ್ಲಿ ಫೈಲ್ ಇದೆಯಲ್ರೀ!"

ಅಕ್ಕನಿಗೆ ತಡೆಯಲಾಗಲಿಲ್ಲ. ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಬಂದು ಎಡ ರೆಕ್ಕೆಯ ಪಟ್ಟಿ ಹಿಡಿದಳು. "ಒತ್ತೋ."

"ಒತ್ತಿದೀನಿ ಕಣೇ ಅಕ್ಕ!"

"ಸುಳ್ಳು ಹೇಳ್ಬೇಡ. ನನ್ನ ಕೈಗೆ ಏನೂ ಬರ್ತಿಲ್ಲ."

ಸ್ಟಿಕ್ ಆಗಲೇ ಪೂರ್ತಿ ವಾಲಿ ನನ್ನ ತೊಡೆಗೆ ತಾಗಿತ್ತು. ರೆಕ್ಕೆ ಬಿಚ್ಚಿ ನೋಡಿದರೆ ಸಂಪರ್ಕದ ಕೊಂಡಿ ಅರ್ಧ ಮಾತ್ರ ಕೂತಿದೆ! ಸುಮ್ಮನೆ ಪಟ್ಟಿ ಆಡಿಸಲು ಅಷ್ಟು ಸಾಕು, ಗಾಳಿಯ ಹೊಡೆತಕ್ಕೆ ಸಾಲದು. ತಪಾಸಕರು ಶಾಂತವಾಗಿ ಅಕ್ಕನ ಹೆಸರು, ವಿಳಾಸ ಬರೆದುಕೊಂಡರು. ಪ್ರಶಸ್ತಿ ಕೊಡುತ್ತಾರೇನೋ ಎಂದು ಅವಳು ಮನೆಯೆದುರಿನ ಔಷಧಿ ಅಂಗಡಿಯ ಗುರುತನ್ನೂ ಹೇಳಿದಳು.

ಅವಳೇನು ಮಾಡಬೇಕಿತ್ತು, ಮಾನ್ಯರೇ? ಅರ್ಜಿ ಹಾಕಿ, ಪರವಾನಗಿ ಬರುವವರೆಗೆ ಕಾದು, ಆಮೇಲೆ ತಮ್ಮನನ್ನು ಉಳಿಸಬೇಕಿತ್ತೇ? ತಾನಾಗಿಯೇ ಆಗುವುದರ ಮೇಲೆ ನಿಮಗಿಷ್ಟು ಭರವಸೆಯಿದ್ದರೆ, ನಿಮ್ಮ ಕಚೇರಿಯ ಸ್ವಯಂಚಾಲಿತ ಬಾಗಿಲನ್ನು ನೀವೇಕೆ ಭುಜದಿಂದ ತಳ್ಳಿ ಒಳಹೋಗುತ್ತೀರಿ? ನೋಟಿಸಿಗೆ ಉತ್ತರ ಕೊಡಲು ಬಂದಾಗ ಕಣ್ಣಾರೆ ಕಂಡೆ.

ನೋಟಿಸ್ ಹಿಂದಕ್ಕೆ ಪಡೆಯಿರಿ, ಸುತ್ತೋಲೆ ತಿದ್ದಿರಿ. ಮುಂದಿನ ಭಾನುವಾರ ನಮ್ಮ ಗ್ಲೈಡರ್ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಬಂದು ಇದೇ ಗ್ಲೈಡರಿನಲ್ಲಿ ಹಾರಲು ಒಪ್ಪಿದ್ದೀರಂತೆ, ಸಂತೋಷ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಅಕ್ಕ ನಿಮ್ಮ ಆಜ್ಞೆಯನ್ನು ಶಿರಸಾವಹಿಸಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂರುತ್ತಾಳೆ. ನಾನೂ ನೆಲದ ಮೇಲೆಯೇ ನಿಂತು ಕೈಬೀಸುತ್ತೇನೆ. ನಿಮ್ಮ ಹಿಂದಿನ ಸೀಟಿನಲ್ಲಿ ತಪಾಸಕರು ಕೂರಲಿ, ಫೈಲ್ ಸಮೇತ.

ಇಂತಿ,
ಅಕ್ಕ ಹೂಂ ಅನ್ನದೆ ನೆಲ ಬಿಡದ ಪೈಲಟ್