ಅತ್ತೆಯ ಮಂಡಿಗೆಂದು ಕೊಂಡ ಮಾತ್ರೆ

ಜಿಲ್ಲಾ ಆರೋಗ್ಯ ಕಚೇರಿಯ ಮುಖ್ಯಸ್ಥರೇ,

ಮಾನ್ಯರೇ, ನನ್ನ ದೂರಿಗೆ ತಾವು ದಯಪಾಲಿಸಿದ ಒಂದೂವರೆ ಸಾಲಿನ ಉತ್ತರ ಕೈಸೇರಿತು. "ಗ್ರಾಹಕಿಯು ತಾನು ಗರ್ಭಿಣಿಯೆಂದು ತಿಳಿಸದ ಕಾರಣ ಔಷಧಿ ಅಂಗಡಿಯ ಲೋಪವಿರುವುದಿಲ್ಲ." ಮೊಹರು ಬಲು ಸೊಗಸಾಗಿ ಬಿದ್ದಿದೆ. ವೈದ್ಯರ ಚೀಟಿಯಿಲ್ಲದೆ ಮಾರಿದ ನೋವಿನ ಮಾತ್ರೆಯಿಂದ ನನ್ನ ಸೊಸೆಯ ಗರ್ಭದಲ್ಲಿ ಮಗುವಿನ ಸುತ್ತಲಿನ ನೀರು ಬತ್ತಿತು. ಅದಕ್ಕೆ ತಾವು ಪತ್ತೆಹಚ್ಚಿದ ಅಪರಾಧಿ, ಆ ಹುಡುಗಿಯ ಮೌನ!

ತಾವು ಯಾವ ಊರಿನವರು ಸ್ವಾಮಿ? ನಮ್ಮ ಫರ್ಗಾನಾ ಕಣಿವೆಯಲ್ಲಿ ಯಾವ ಸೊಸೆ ಬಜಾರಿನಲ್ಲಿ ನಿಂತು ತಾನು ಬಸುರಿಯೆಂದು ಸಾರಿದ್ದಾಳೆ? ಕಣ್ಣು ತಾಗೀತೆಂದು ಅಗಲವಾದ ಅಂಗಿಯ ಮೇಲೆ ಕೋಟು ತೊಟ್ಟು, ಆದಷ್ಟು ದಿನ ಮುಚ್ಚಿಡುವುದು ನಮ್ಮಲ್ಲಿ ರೂಢಿ. ತಮ್ಮ ತಾಯಿಯವರೂ ತಮ್ಮನ್ನು ಹೀಗೆಯೇ ಬಚ್ಚಿಟ್ಟು ಹೊತ್ತಿರಬೇಕು.

ನನ್ನ ಸೊಸೆ ಜಿಲೋಲಾ ಬೆಳಗಾಗುವ ಮೊದಲೇ ಅಂಗಳ, ಮನೆಮುಂದಿನ ಬೀದಿ ಗುಡಿಸುತ್ತಾಳೆ. ಆಮೇಲೆ ತಂದೂರಿಗೆ ಬಗ್ಗಿ ರೊಟ್ಟಿ ಬಡಿಯುತ್ತಾಳೆ. ಆರನೇ ತಿಂಗಳಲ್ಲಿ ಸೊಂಟ ಹಿಡಿದುಕೊಂಡಿತು. ನನಗೆ ಹೇಳದೆ ಔಷಧಿ ಅಂಗಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಅಳುತ್ತಾ ಹೇಳಿದಳು.

"ಯಾರಿಗಮ್ಮ ಮಾತ್ರೆ?"

"ನಮ್ಮತ್ತೆಗೆ. ಮಂಡಿ ನೋವು."

"ವಯಸ್ಸೆಷ್ಟು?"

"ಅರವತ್ತೆರಡು."

"ಹಾಗಾದ್ರೆ ಐಬುಪ್ರೊಫೆನ್ ತಗೊ. ದಿನಕ್ಕೆ ಮೂರು ಕೊಡು, ನಿಮ್ಮತ್ತೆ ಮದುವೆಮನೇಲಿ ಕುಣೀತಾರೆ."

ನನ್ನ ಮಂಡಿಗಳು ಗಟ್ಟಿಮುಟ್ಟಾಗಿವೆ ಎಂದು ಈ ಮೂಲಕ ತಮ್ಮ ಇಲಾಖೆಗೆ ತಿಳಿಸುತ್ತೇನೆ. ಹದಿನೆಂಟು ದಿನ ಆ ಮಾತ್ರೆ ನುಂಗಿದವಳು ಜಿಲೋಲಾ. ತಿಂಗಳ ತಪಾಸಣೆಗೆ ನಾನೇ ಕರೆದೊಯ್ದಾಗ, ಸ್ಕ್ಯಾನ್ ನೋಡಿ, ಅವಳು ನುಂಗುತ್ತಿದ್ದ ಮಾತ್ರೆ ಯಾವುದೆಂದು ಕೇಳಿ ತಿಳಿದ ವೈದ್ಯೆಯ ಮುಖ ಕಪ್ಪಿಟ್ಟಿತು.

"ಐದು ತಿಂಗಳಾದ್ಮೇಲೆ ಇದನ್ನ ಹೀಗೆ ನುಂಗೋದಾ? ಮಗೂನ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ, ನೀರು ಕಮ್ಮಿಯಾಗುತ್ತೆ. ಇವತ್ತೇ ನಿಲ್ಸು. ಹಾಗಂತ ನೋವು, ಜ್ವರ ಸಹಿಸ್ಕೊಂಡು ಕೂರ್ಬೇಡ. ನನ್ನ ಕೇಳು. ಪ್ಯಾರಸಿಟಮಾಲ್ ಇದೆ, ಅದನ್ನೂ ಎಷ್ಟು ಬೇಕೋ ಅಷ್ಟೇ."

ಹೊರಗೆ ಬಂದು ಗದರಿದೆ. "ನನಗಾದ್ರೂ ಹೇಳ್ಬಾರ್ದಿತ್ತಾ?"

"ಬಸುರೀಲಿ ನೋವು ಗೀವು ಅಂತ ಬಾಯಿ ಬಿಡ್ಬೇಡ ಅಂದಿದ್ದು ನೀವೇ ಅಲ್ವಾ ಅತ್ತೆ."

ಹೌದು, ನಾನೇ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನನ್ನ ಪಾಲಿನ ತಪ್ಪನ್ನು ಒಪ್ಪಿದ್ದೇನೆ. ತಮ್ಮ ಪಾಲಿನದು ಎಲ್ಲಿದೆ? "ಗರ್ಭಿಣಿಯರೇ, ಔಷಧಿ ಸೇವಿಸುವ ಮುನ್ನ ವೈದ್ಯರನ್ನು ಕಾಣಿರಿ" ಎಂಬ ತಮ್ಮ ಭಿತ್ತಿಪತ್ರವನ್ನು ನಾನು ನೋಡಿದ್ದೇನೆ. ಅದನ್ನು ಅಂಟಿಸಿರುವುದು ವೈದ್ಯರ ಕೋಣೆಯೊಳಗೆ! ವೈದ್ಯರನ್ನು ಕಂಡವರಿಗೆ ವೈದ್ಯರನ್ನು ಕಾಣಲು ಹೇಳುವ ಈ ದೂರದೃಷ್ಟಿಗೆ ಯಾವ ಪದಕ ಕೊಡೋಣ? ಮಾತ್ರೆಯ ಡಬ್ಬಿಯೊಳಗೆ ಎಚ್ಚರಿಕೆಯ ಕಾಗದವಿತ್ತು ಎಂದೂ ತಮ್ಮ ಗುಮಾಸ್ತರು ನನಗೆ ಬುದ್ಧಿ ಹೇಳಿದರು. ಇತ್ತು, ಸಾಸಿವೆ ಗಾತ್ರದ ರಷ್ಯನ್ ಅಕ್ಷರಗಳಲ್ಲಿ. ಜಿಲೋಲಾಳಿಗೆ ರಷ್ಯನ್ ಬಾರದು.

ನಾನು ಕೇಳುವುದು ಇಷ್ಟೇ. ಅಂಗಡಿಯವರು ಯಾರನ್ನೂ ಬಸುರಿಯೇ ಎಂದು ಕೇಳುವುದು ಬೇಡ. ನಮ್ಮವರು ಸುಳ್ಳನ್ನೇ ಹೇಳುತ್ತಾರೆ. ಕೇಳುವ ಬದಲು ಹೇಳಲಿ. ಆ ಮಾತ್ರೆ ಕೊಳ್ಳುವ ಪ್ರತಿಯೊಬ್ಬರಿಗೂ, ಗಡ್ಡದ ಮುದುಕನಿಗೂ, ನಮ್ಮ ಭಾಷೆಯಲ್ಲಿ ಒಂದೇ ಮಾತು: "ಮನೇಲಿ ಬಸುರಿ ಇದ್ರೆ ಅವಳಿಗಲ್ಲ ಇದು, ಡಾಕ್ಟರನ್ನ ಕೇಳಿ." ಈ ತಿಂಗಳೊಳಗೆ ಹಾಗೊಂದು ಆದೇಶ ಹೊರಡಿಸಿ. ತಮ್ಮ ಮೊಹರಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಂತಾಗುತ್ತದೆ.

ಮಾತ್ರೆ ನಿಲ್ಲಿಸಿದ ಮೇಲೆ ನೀರು ತುಸು ಏರಿದೆ. ಮಗುವಿಗೆ ಏನೂ ಆಗಿಲ್ಲ ಎಂದು ವೈದ್ಯೆ ಇನ್ನೂ ಹೇಳಿಲ್ಲ. ಕಾಯುತ್ತಿದ್ದೇವೆ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅದು ಅಚ್ಚಾಗುವ ದಿನ ಇಡೀ ಜಿಲ್ಲೆಗೆ ತಿಳಿಯಲಿ: ನನ್ನ ಸೊಸೆ ಏಳು ತಿಂಗಳ ಬಸುರಿ. ಯಾರ ಕಣ್ಣು ತಾಗುವುದಿದ್ದರೂ ನನಗೆ ತಾಗಲಿ.

ಇಂತಿ,
ಬಾಯಿ ಬಿಡಲು ತಡಮಾಡಿದ ಅತ್ತೆ,
ಮುಕದ್ದಸ್